ಇಳಿಯುವ ದಾರಿ, ಏರುವ ದಾರಿ
(ಓಕ್ಲ್ಯಾಂಡಿನ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ವೈದ್ಯರು ಬಡತನವನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಅಲ್ಲಿ ಎಂಬಿಬಿಎಸ್ ಓದಿ ಇಲ್ಲಿ ರೆಸಿಡೆನ್ಸಿ ಮುಗಿಸಿದ ನಾವು ಎರಡೂ ದೇಶಗಳಲ್ಲಿ ಕಂಡದ್ದು ಒಂದೇ: ಕುಟುಂಬವೊಂದು ಬಡತನಕ್ಕೆ ಜಾರುವ ಗಳಿಗೆ ಬಹುಪಾಲು ಆಸ್ಪತ್ರೆಯಲ್ಲಿಯೇ ಆರಂಭವಾಗುತ್ತದೆ.

ಡ್ಯೂಕ್ ವಿಶ್ವವಿದ್ಯಾನಿಲಯದ ಅನಿರುದ್ಧ ಕೃಷ್ಣ ಅವರು ಭಾರತ, ಕೀನ್ಯಾ, ಉಗಾಂಡ, ಪೆರು ಹಾಗೂ ನಾರ್ತ್ ಕೆರೊಲಿನಾಗಳಲ್ಲಿ ಸಾವಿರಾರು ಕುಟುಂಬಗಳ ಏಳುಬೀಳುಗಳನ್ನು ವಿಚಾರಿಸಿ, 2010ರಲ್ಲಿ 'ಒನ್ ಇಲ್‌ನೆಸ್ ಅವೇ' ಎಂಬ ಗ್ರಂಥವನ್ನು ಪ್ರಕಟಿಸಿದರು. ಅದರ ಸಾರವಿಷ್ಟು: ಬಡತನ ನಿಂತ ನೀರಲ್ಲ. ಕೆಲವರು ಏರುತ್ತಿರುವಾಗಲೇ ಮತ್ತೆ ಕೆಲವರು ಇಳಿಯುತ್ತಿರುತ್ತಾರೆ. ಏರುವ ಕಾರಣಗಳೇ ಬೇರೆ, ಇಳಿಯುವ ಕಾರಣಗಳೇ ಬೇರೆ. ಇಳಿಯುವುದಕ್ಕೆ ಮುಖ್ಯ ಕಾರಣ ಕಾಯಿಲೆ ಮತ್ತು ಅದರ ವೆಚ್ಚ.

ಬೆಂಗಳೂರಿನ ಆಟೋ ಚಾಲಕನೊಬ್ಬನನ್ನು ಊಹಿಸಿಕೊಳ್ಳಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಹುಣ್ಣು ಮಾಯದು. ಖರ್ಚು ಬಂದ ದಿನವೇ ಸಂಪಾದನೆ ನಿಲ್ಲುತ್ತದೆ. ಹಳ್ಳಿಯಲ್ಲಾದರೆ ತುಂಡು ಹೊಲವೋ ಕರೆಯುವ ಹಸುವೋ ಇದ್ದೀತು. ನಗರದಲ್ಲಿ ತಿಂಗಳ ಮೊದಲನೆಯ ತಾರೀಖು ಬಾಡಿಗೆ ಕೊಡಲೇಬೇಕು. ಒಡವೆ ಗಿರವಿಗೆ ಹೋಗುತ್ತದೆ, ಆಟೋ ಮಾರಾಟವಾಗುತ್ತದೆ, ಮಗಳು ಪಿಯುಸಿ ಬಿಟ್ಟು ಗಾರ್ಮೆಂಟ್ಸ್ ಸೇರುತ್ತಾಳೆ. ಒಂದು ಹುಣ್ಣು ಎರಡು ತಲೆಮಾರುಗಳನ್ನು ಕೆಳಕ್ಕೆಳೆಯಬಲ್ಲುದು.

ಏರುವ ದಾರಿಯಾದರೋ ಖಾಯಂ ಸಂಬಳದ ನೌಕರಿ. ಎಚ್‌ಎಂಟಿ, ಐಟಿಐ, ಬಿಇಎಲ್ ಮೊದಲಾದ ಕಾರ್ಖಾನೆಗಳು ಸಾವಿರಾರು ಕುಟುಂಬಗಳನ್ನು ಮೇಲೆತ್ತಿದವು. ಅಂತಹ ಕಾಲೋನಿಗಳಲ್ಲಿ ಬೆಳೆದವರು ಈ ಸಭೆಯಲ್ಲಿಯೂ ಇರಬಹುದು. ನಾವು ಬುದ್ಧಿಬಲದಿಂದ ಮೇಲೆ ಬಂದೆವೆಂದು ಮಕ್ಕಳಿಗೆ ಹೇಳುತ್ತೇವೆ. ತಂದೆ ಹಾಸಿಗೆ ಹಿಡಿದಾಗಲೂ ಆ ಮನೆಗಳಿಗೆ ಸಂಬಳ ಬರುತ್ತಿತ್ತೆಂಬುದನ್ನು ಹೇಳುವುದಿಲ್ಲ.

ನಾವು ಕುಳಿತಿರುವ ಈ ಊರಿಗೂ ಈ ವಿಷಯಕ್ಕೂ ನಂಟುಂಟು. ರಿಚ್ಮಂಡಿನ ಹಡಗುಕಟ್ಟೆಗಳ ಕಾರ್ಮಿಕರಿಗಾಗಿ 1942ರಲ್ಲಿ ಕೈಸರ್ ಸಂಸ್ಥೆಯ ಆಸ್ಪತ್ರೆ ತೆರೆದದ್ದು ಓಕ್ಲ್ಯಾಂಡಿನಲ್ಲಿ. ಆರೋಗ್ಯದಲ್ಲಿರುವಾಗಲೇ ಸಂಬಳದಿಂದ ಸಣ್ಣ ಮೊತ್ತ ಕಟ್ಟಿ, ಕಾಯಿಲೆಯಾದಾಗ ನಿಶ್ಚಿಂತೆಯಿಂದ ಚಿಕಿತ್ಸೆ ಪಡೆಯುವ ಏರ್ಪಾಡು ಅದು. 1945ರಲ್ಲಿ ಅದು ಸಾರ್ವಜನಿಕರಿಗೂ ದೊರೆಯಿತು. ಕರ್ನಾಟಕದಲ್ಲಿ ಸಹಕಾರಿ ರೈತರಿಗಾಗಿ 2003ರಲ್ಲಿ ಆರಂಭವಾದ ಯಶಸ್ವಿನಿಯದೂ ಇದೇ ತತ್ತ್ವ. 2018ರ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಯೋಜನೆಯು ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಒದಗಿಸುತ್ತದೆ. ಆದರೆ ಹಾಸಿಗೆ ಹಿಡಿದ ದಿನಗಳ ಕೂಲಿಯನ್ನು ಅದು ತುಂಬಿಕೊಡದು.

ನಾವು ಇಲ್ಲಿಂದ ಶಾಲೆಗಳಿಗೆ, ವಿದ್ಯಾರ್ಥಿವೇತನಗಳಿಗೆ ಉದಾರವಾಗಿ ಹಣ ಕಳುಹಿಸುತ್ತೇವೆ. ಅದು ಏಣಿ, ಬೇಕಾದದ್ದೇ. ಆದರೆ ಏಣಿಯ ಬುಡದಲ್ಲಿರುವ ಹಳ್ಳವನ್ನು ಏಣಿ ಮುಚ್ಚಲಾರದು. ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ನಮ್ಮ ವೃದ್ಧ ತಂದೆತಾಯಿಯರ ಪಾತ್ರೆ ತೊಳೆದು, ಅಡುಗೆ ಮಾಡಿ, ರಾತ್ರಿ ಕಾವಲಿರುವ ಹೆಂಗಸರು ಆ ಹಳ್ಳದ ಅಂಚಿನಲ್ಲಿಯೇ ನಿಂತಿದ್ದಾರೆ. ಈ ವಾರ ಊರಿಗೆ ಫೋನ್ ಮಾಡಿದಾಗ ಮೂರು ಮಾತು ವಿಚಾರಿಸೋಣ. ಆಕೆಯ ಬಳಿ ಪಡಿತರ ಚೀಟಿ, ಆರೋಗ್ಯ ಕಾರ್ಡು ಇವೆಯೇ? ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಆಗಿದೆಯೇ? ಜ್ವರ ಬಂದು ರಜೆ ಹಾಕಿದರೆ ಸಂಬಳ ಮುರಿಯುತ್ತಾರೆಯೇ?

ಮೂರನೆಯ ಪ್ರಶ್ನೆಗೆ ಯಾವ ಸರಕಾರದ ಯೋಜನೆಯೂ ಬೇಕಿಲ್ಲ. ಉತ್ತರ ನಮ್ಮ ಮನೆಗಳಲ್ಲಿಯೇ ಇದೆ.