ಮುಪ್ಪಿನಲ್ಲಿ ದೇಹಸ್ಥೈರ್ಯ



ಮನುಷ್ಯನು ಜನ್ಮವೆತ್ತಿದ ಬಳಿಕ ಮೊದಮೊದಲು ಕಲಿಯುವ ವಿದ್ಯೆಗಳಲ್ಲಿ ನಿಲ್ಲುವ ವಿದ್ಯೆಯು ಒಂದು. ಕೂಸು ಗೋಡೆಯನ್ನು ಹಿಡಿದು ಎದ್ದು, ಬಿದ್ದು, ಮತ್ತೆ ಎದ್ದು, ಕಡೆಗೆ ಕೈಬಿಟ್ಟು ನಿಂತಾಗ ಮನೆಯವರೆಲ್ಲರೂ ಚಪ್ಪಾಳೆ ತಟ್ಟಿ ಹಿಗ್ಗುವರು. ಅದೇ ವಿದ್ಯೆಯು ಎಪ್ಪತ್ತರ ಪ್ರಾಯದಲ್ಲಿ ಮೆಲ್ಲಮೆಲ್ಲನೆ ಕೈಬಿಟ್ಟುಹೋಗುವಾಗ ಅದನ್ನು ಗಮನಿಸುವವರು ವಿರಳ. ಒಂದು ದಿನ ಅಜ್ಜನು ಬಚ್ಚಲಮನೆಯಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡ ಮೇಲೆ, ವಯಸ್ಸಾಯಿತು, ಏನು ಮಾಡುವುದೆಂದು ನಿಟ್ಟುಸಿರುಬಿಡುವುದೇ ಲೋಕರೂಢಿಯಾಗಿದೆ. ಈ ನಿಟ್ಟುಸಿರು ನ್ಯಾಯವಾದುದೋ ಅಲ್ಲವೋ, ನಿಲ್ಲುವ ವಿದ್ಯೆಯನ್ನು ಮುಪ್ಪಿನಲ್ಲಿ ಪುನಃ ಸಂಪಾದಿಸಲು ಬರುವುದೋ ಇಲ್ಲವೋ ಎಂಬುದೇ ಇಂದಿನ ವಿಚಾರವು.

ಈ ವಿಚಾರವು ಅಲ್ಪವಾದುದಲ್ಲ. ಬಿದ್ದು ಮಡಿಯುವವರ ಸಂಖ್ಯೆಯು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ೬,೮೪,೦೦೦ ಎಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ಅಂದಾಜನ್ನು ಪ್ರಕಟಿಸಿತು. ಅವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ೨೦೧೧ರ ಜನಗಣತಿಯಂತೆ ಭಾರತದಲ್ಲಿ ಅರವತ್ತು ಮತ್ತು ಅದಕ್ಕೆ ಮೇಲ್ಪಟ್ಟ ಪ್ರಾಯದವರು ಹತ್ತು ಕೋಟಿಗೆ ಮಿಕ್ಕಿದ್ದರು. ಆದುದರಿಂದ ಇದು ಒಬ್ಬಿಬ್ಬರ ಮನೆಯ ಮಾತಲ್ಲ. ಅದಕ್ಕಿಂತಲೂ ಚಿಂತನೀಯವಾದುದು ಬಿದ್ದ ಬಳಿಕ ಹುಟ್ಟುವ ಭಯವು. ಒಮ್ಮೆ ಬಿದ್ದವನು ಮತ್ತೆ ಬಿದ್ದೇನೆಂದು ಅಂಜಿ ಹೊಸಿಲು ದಾಟುವುದನ್ನು ಬಿಡುವನು; ನಡೆಯದ ಕಾಲು ಬಲಗುಂದುವುದು; ಬಲಗುಂದಿದ ಕಾಲು ಮತ್ತೆ ಎಡವುವುದು. ಹೀಗೆ ಭಯದಿಂದ ದೌರ್ಬಲ್ಯವೂ ದೌರ್ಬಲ್ಯದಿಂದ ಪತನವೂ ಪತನದಿಂದ ಮತ್ತೆ ಭಯವೂ ಗಾಣದೆತ್ತಿನಂತೆ ಸುತ್ತುತ್ತಿರುವುವು.

ಇನ್ನು ದೇಹವು ನೆಟ್ಟಗೆ ನಿಲ್ಲುವುದು ಹೇಗೆಂಬುದನ್ನು ನೋಡತಕ್ಕುದು. ನಿಲುವಿಗೆ ಮೂವರು ಸಾಕ್ಷಿಗಳುಂಟು. ಮೊದಲನೆಯ ಸಾಕ್ಷಿ ಕಣ್ಣು. ನೆಲವೆಲ್ಲಿ, ಗೋಡೆಯೆಲ್ಲಿ ಎಂಬುದನ್ನು ಅದು ತಿಳಿಸುವುದು. ಎರಡನೆಯದು ಒಳಗಿವಿ, ಅಲ್ಲಿ ದ್ರವದಿಂದ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು, ತಲೆಯು ಎತ್ತ ತಿರುಗಿದರೂ ಆ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವುವು. ಈ ಅಂಗದ ವ್ಯಾಪಾರವನ್ನು ಶೋಧಿಸಿದುದಕ್ಕಾಗಿಯೇ ವಿಯೆನ್ನಾ ನಗರದ ವೈದ್ಯ ರಾಬರ್ಟ್ ಬಾರಾನಿಯವರಿಗೆ ೧೯೧೪ನೆಯ ವರ್ಷದ ನೊಬೆಲ್ ಪಾರಿತೋಷಕವು ಸಂದಿತು. ಮೂರನೆಯ ಸಾಕ್ಷಿ ಅಂಗಾಲಿನ ಸ್ಪರ್ಶವೂ ಕೀಲುಸ್ನಾಯುಗಳ ಅರಿವೂ ಕೂಡಿದುದು; ಕತ್ತಲೆಯಲ್ಲಿಯೂ ಕಾಲು ಎಲ್ಲಿದೆಯೆಂಬುದನ್ನು ಅದು ಬಲ್ಲುದು. ಈ ಮೂವರ ಹೇಳಿಕೆಗಳನ್ನು ಮೆದುಳು ಕೂಡಿಸಿ ನೋಡಿ ಸ್ನಾಯುಗಳಿಗೆ ಆಜ್ಞೆ ಕೊಡುವುದು. ಸ್ನಾಯುಗಳು ಕೂಡಲೇ ಮೈಯನ್ನು ಸರಿಪಡಿಸುವುವು. ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬರುವುದು, ಒಳಗಿವಿಯು ಮಂದವಾಗುವುದು, ಸಕ್ಕರೆ ಕಾಯಿಲೆಯುಳ್ಳವರಲ್ಲಿ ಅಂಗಾಲು ಜೋಮು ಹಿಡಿಯುವುದು. ಅಂಗಾಲಿನ ಅರಿವು ತಗ್ಗಿದವರು ಮುಖ ತೊಳೆಯುವಾಗ ಕಣ್ಣು ಮುಚ್ಚಿದೊಡನೆ ತೂರಾಡುವರು. ಅದೇಕೆಂದರೆ ಮೂವರು ಸಾಕ್ಷಿಗಳಲ್ಲಿ ಇಬ್ಬರು ಏಕಕಾಲಕ್ಕೆ ಮೌನವಾಗುವರು. ಆಜ್ಞೆಯನ್ನು ನಡೆಸತಕ್ಕ ತೊಡೆ ಮತ್ತು ಮೀನಖಂಡದ ಸ್ನಾಯುಗಳೂ ಸೊರಗಿದ್ದರೆ ಎಡವಿದವನು ಸಾವರಿಸಿಕೊಳ್ಳಲಾರನು.

ಇಲ್ಲಿ ಶಾಸ್ತ್ರಬಲ್ಲವರು ಒಂದು ಆಕ್ಷೇಪವನ್ನು ಎತ್ತಬಹುದು. ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ಬಾಲರೂ ವೃದ್ಧರೂ ಅಜೀರ್ಣವುಳ್ಳವರೂ ವ್ಯಾಯಾಮವನ್ನು ತ್ಯಜಿಸಬೇಕೆಂದು ವಿಧಿಸಿರುವರಲ್ಲ. ಹೀಗಿರಲು ಮುದುಕರಿಗೆ ವ್ಯಾಯಾಮವೆಲ್ಲಿಯದು? ಈ ಆಕ್ಷೇಪವು ಗೌರವಾರ್ಹವಾದುದು. ಆದರೆ ಪೂರ್ವಾಪರವನ್ನು ನೋಡಿದರೆ ಪರಿಹಾರವು ಅಲ್ಲಿಯೇ ದೊರೆಯುವುದು. ಆ ಪ್ರಕರಣದಲ್ಲಿ ಹೇಳಿರುವ ವ್ಯಾಯಾಮವು ಸ್ನಿಗ್ಧಾಹಾರವನ್ನುಣ್ಣುವ ಬಲಶಾಲಿಗಳು ತಮ್ಮ ಶಕ್ತಿಯ ಅರ್ಧದಷ್ಟನ್ನು ವೆಚ್ಚಮಾಡಿ ಮಾಡತಕ್ಕುದು; ಅದು ಗರಡಿಯಾಳಿನ ಸಾಧನೆಗೆ ಸಮಾನವಾದುದು. ಅಂತಹುದು ಮುದುಕರಿಗೆ ಬೇಡವೆಂಬುದು ಸರಿಯೇ. ಆದರೆ ಚರಕಸಂಹಿತೆಯು ವ್ಯಾಯಾಮದ ಲಕ್ಷಣವನ್ನು ಹೇಳುವಲ್ಲಿ ದೇಹದ ಸ್ಥೈರ್ಯಕ್ಕೂ ಬಲವೃದ್ಧಿಗೂ ಆಗುವ ಚೇಷ್ಟೆಯೇ ವ್ಯಾಯಾಮವೆಂದೂ, ಅದನ್ನು ಮಿತವಾಗಿ ಆಚರಿಸಬೇಕೆಂದೂ ತಿಳಿಸುವುದು. ಸ್ಥೈರ್ಯವೆಂಬುದನ್ನು ಮೊದಲು ಹೆಸರಿಸಿರುವುದನ್ನು ಮನಗಾಣಬೇಕು. ಸುಶ್ರುತಸಂಹಿತೆಯು ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರಗಳನ್ನು ವಿಚಾರಿಸಿಯೇ ವ್ಯಾಯಾಮದಲ್ಲಿ ತೊಡಗಬೇಕೆಂದು ಹೇಳಿ, ದೇಹಕ್ಕೆ ಅತಿಪೀಡೆಯಾಗದ ನಡಿಗೆಯು ಆಯುಸ್ಸನ್ನೂ ಬಲವನ್ನೂ ಮೇಧೆಯನ್ನೂ ಕೊಡುವುದೆಂದು ಪ್ರಶಂಸಿಸುವುದು. ಕೋಲು ಹಿಡಿಯುವುದರ ಗುಣವನ್ನು ಹೇಳುವಾಗ ಎಡವುವವನಿಗೆ ಅದು ಆಧಾರವೆಂದು ಚರಕರು ಸ್ಪಷ್ಟಪಡಿಸಿರುವರು. ಆದಕಾರಣ ಶಾಸ್ತ್ರವು ನಿಷೇಧಿಸಿದುದು ಅತಿಶ್ರಮವನ್ನು, ಮಿತವಾದ ಚಲನೆಯನ್ನಲ್ಲ.

ಈ ಕಾಲದ ಪರೀಕ್ಷೆಗಳೂ ಇದನ್ನೇ ದೃಢಪಡಿಸಿವೆ. ಅಮೆರಿಕದ ಬಾಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಪ್ರಾಯದ ಹತ್ತು ಮಂದಿ ದುರ್ಬಲರಿಗೆ ಎಂಟು ವಾರ ಕಾಲಿನ ಬಲವರ್ಧನೆಯ ಸಾಧನೆಯನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಿಸಿದ ಫಲವು ೧೯೯೦ರಲ್ಲಿ ಪ್ರಕಟವಾಯಿತು. ಅದನ್ನು ಪೂರ್ಣಗೊಳಿಸಿದವರ ತೊಡೆಯ ಬಲವು ಸರಾಸರಿ ನೂರಕ್ಕೆ ೧೭೪ರಷ್ಟು ಹೆಚ್ಚಿತು. ತೊಂಬತ್ತರಲ್ಲಿ ಬೆಳೆಯುವ ಸ್ನಾಯುವು ಎಪ್ಪತ್ತರಲ್ಲಿ ಬೆಳೆಯಲಾರದೇ? ನ್ಯೂಜಿಲೆಂಡ್ ದೇಶದ ಒಟಾಗೋ ವಿದ್ಯಾಪೀಠದವರು ಮನೆಯಲ್ಲಿಯೇ ಮಾಡಬಹುದಾದ ಕಾಲಿನ ಬಲದ ಹಾಗೂ ಸಮತೋಲದ ಸಾಧನೆಗಳ ಒಂದು ಕ್ರಮವನ್ನು ಏರ್ಪಡಿಸಿ, ಎಂಬತ್ತು ಮತ್ತು ಅದಕ್ಕೆ ಮೇಲ್ಪಟ್ಟ ಪ್ರಾಯದ ೨೩೩ ಸ್ತ್ರೀಯರಲ್ಲಿ ಪರೀಕ್ಷಿಸಿ ೧೯೯೭ರಲ್ಲಿ ಫಲವನ್ನು ತಿಳಿಸಿದರು. ಆ ಬಗೆಯ ನಾಲ್ಕು ಪರೀಕ್ಷೆಗಳ ೧,೦೧೬ ಜನರ ವಿವರವನ್ನು ೨೦೦೨ರಲ್ಲಿ ಕೂಡಿಸಿ ನೋಡಿದಾಗ ಬೀಳುವಿಕೆಯು ನೂರಕ್ಕೆ ೩೫ರಷ್ಟು ತಗ್ಗಿದ್ದಿತು. ೨೦೧೯ರಲ್ಲಿ ಇಪ್ಪತ್ತಮೂರು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ ೧೦೮ ಪರೀಕ್ಷೆಗಳ ಸಮಗ್ರ ವಿಮರ್ಶೆಯು ವ್ಯಾಯಾಮದಿಂದ ಬೀಳುವಿಕೆಯು ನೂರಕ್ಕೆ ೨೩ರಷ್ಟು ಕಡಿಮೆಯಾಗುವುದೆಂದು ನಿರ್ಣಯಿಸಿತು. ಅರವತ್ತೈದು ದಾಟಿದವರು ವಾರದಲ್ಲಿ ಮೂರು ದಿನಗಳಿಗೆ ಕಡಿಮೆಯಿಲ್ಲದಂತೆ ಸಮತೋಲವನ್ನೂ ಬಲವನ್ನೂ ಬೆಳೆಸುವ ಸಾಧನೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಸೂಚಿಸಿತು.

ಸಾಧನೆಯ ಕ್ರಮವು ಇಂತಿರುವುದು. ಪಡಸಾಲೆಯ ಕಂಬವನ್ನೋ ಅಲುಗದ ಮೇಜನ್ನೋ ಬಳಿಯಲ್ಲಿಟ್ಟುಕೊಂಡು ನಿಲ್ಲಬೇಕು. ಮೊದಲು ಎರಡು ಹಿಮ್ಮಡಿಗಳನ್ನು ಮೆಲ್ಲನೆ ಎತ್ತಿ ಇಳಿಸುವುದು. ಬಳಿಕ ಹಿಮ್ಮಡಿಯ ಮೇಲೆ ನಿಂತು ಮುಂಗಾಲುಗಳನ್ನು ಎತ್ತಿ ಇಳಿಸುವುದು. ತಲಾ ಹತ್ತು ಸಲ ಸಾಕು. ಎರಡನೆಯದು, ಭದ್ರವಾದ ಕುರ್ಚಿಯಿಂದ ಏಳುವುದೂ ಕೂಡುವುದೂ. ಮೊದಲು ಕೈಯೂರಿ, ಬಲ ಬಂದ ಮೇಲೆ ಕೈಯೂರದೆ. ಮೂರನೆಯದು, ಒಂದು ಪಾದದ ಹೆಬ್ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗುವಂತೆ ಇಟ್ಟು ಹತ್ತು ಎಣಿಸುವವರೆಗೆ ನಿಲ್ಲುವುದು. ಅದು ಸಾಧಿಸಿದ ಬಳಿಕ ಅದೇ ರೀತಿಯಲ್ಲಿ ಹೆಜ್ಜೆಯಿಡುವುದು. ನಾಲ್ಕನೆಯದು, ಒಂಟಿ ಕಾಲಿನ ನಿಲುವು. ಬ್ರೆಜಿಲ್ ದೇಶದಲ್ಲಿ ೫೧ರಿಂದ ೭೫ರ ಪ್ರಾಯದ ೧,೭೦೨ ಜನರನ್ನು ಪರೀಕ್ಷಿಸಿ ೨೦೨೨ರಲ್ಲಿ ಪ್ರಕಟಿಸಿದ ವರದಿಯಂತೆ ಐದರಲ್ಲೊಬ್ಬರು ಹತ್ತು ಸೆಕೆಂಡು ಹೀಗೆ ನಿಲ್ಲಲಾರದೆ ಹೋದರು. ನಿಲ್ಲಲಾರದವರಲ್ಲಿ ಮುಂದಿನ ವರ್ಷಗಳ ಮರಣವೂ ಹೆಚ್ಚಿದ್ದಿತು. ನಿಲ್ಲದಿರುವುದೇ ಮರಣಕ್ಕೆ ಕಾರಣವೆಂದು ಇದರಿಂದ ತಿಳಿಯಕೂಡದು. ಅದು ಒಳಗಿನ ದೌರ್ಬಲ್ಯದ ಲಕ್ಷಣವಾಗಿರಬಹುದು. ಐದನೆಯದು, ಪಕ್ಕಕ್ಕೂ ಹಿಂದಕ್ಕೂ ಹೆಜ್ಜೆಯಿಡುವುದು. ಎಲ್ಲದರಲ್ಲಿಯೂ ಮೊದಲು ಎರಡು ಕೈ ಹಿಡಿದು, ಮುಂದೆ ಒಂದು ಕೈ, ಆಮೇಲೆ ಒಂದು ಬೆರಳು, ಕಡೆಗೆ ಆಧಾರವಿಲ್ಲದೆ ಎಂಬ ಮೆಟ್ಟಿಲುಗಳನ್ನು ಮೀರಕೂಡದು. ವಾರಕ್ಕೆ ಮೂರು ದಿನ ಅರ್ಧ ತಾಸು ಈ ಸಾಧನೆ, ಎರಡು ದಿನ ಅರ್ಧ ತಾಸು ನಡಿಗೆ ಎಂಬುದು ಒಟಾಗೋ ಕ್ರಮ. ಬಿಟ್ಟರೆ ಗಳಿಸಿದ ಬಲವು ಕರಗುವುದಾದುದರಿಂದ ನಿತ್ಯಪೂಜೆಯಂತೆ ಇದನ್ನು ನಡೆಸಿಕೊಂಡು ಬರಬೇಕು.

ಎಚ್ಚರಿಕೆಗಳೂ ಉಂಟು. ಹೃದ್ರೋಗವುಳ್ಳವರೂ ಈಚೆಗೆ ಎಲುಬು ಮುರಿದವರೂ ಪದೇ ಪದೇ ತಲೆಸುತ್ತುವವರೂ ವೈದ್ಯರನ್ನು ಕೇಳದೆ ತೊಡಗಕೂಡದು. ಎದೆನೋವು, ಉಬ್ಬಸ, ತಲೆತಿರುಗು ತೋರಿದರೆ ಕೂಡಲೇ ನಿಲ್ಲಿಸಬೇಕು. ಮಲಗಿದವರು ತಟ್ಟನೆ ಏಳದೆ ಕೆಲ ಹೊತ್ತು ಕುಳಿತು ಏಳಬೇಕು. ತಟ್ಟನೆ ಎದ್ದರೆ ರಕ್ತದೊತ್ತಡವು ಇಳಿದು ಕಣ್ಣು ಕತ್ತಲೆಗೂಡುವುದು. ನಿದ್ರೆಯ ಗುಳಿಗೆಗಳೂ ರಕ್ತದೊತ್ತಡದ ಔಷಧಗಳೂ ಕೆಲವರಲ್ಲಿ ಬೀಳುವಿಕೆಗೆ ಕಾರಣವಾಗುವುದರಿಂದ ಅವನ್ನು ವೈದ್ಯರಿಗೆ ತೋರಿಸಿ ವಿಚಾರಿಸಬೇಕು, ತಾವಾಗಿಯೇ ಬಿಡಕೂಡದು. ಕಣ್ಣಿನ ಪೊರೆಯನ್ನು ತೆಗೆಸುವುದು, ಬಚ್ಚಲನ್ನು ಪಾಚಿಗಟ್ಟದಂತೆ ಇಡುವುದು, ರಾತ್ರಿ ದೀಪವಿರುವುದು, ಸಡಿಲವಾದ ಪಾದರಕ್ಷೆಯನ್ನು ಬಿಡುವುದು ಇವೂ ಸಾಧನೆಯ ಅಂಗಗಳೇ ಸರಿ.

ಕಡೆಯ ಮಾತು ಮಕ್ಕಳಿಗೂ ಸೊಸೆಯಂದಿರಿಗೂ ಸಂಬಂಧಿಸಿದುದು. ಹಿರಿಯರನ್ನು ಒಂದೆಡೆ ಕುಳ್ಳಿರಿಸಿ, ನೀರಿನ ತಂಬಿಗೆಯನ್ನೂ ಕೈಗೆ ಕೊಟ್ಟು, ಏಳಗೊಡದೆ ನೋಡಿಕೊಳ್ಳುವುದೇ ಸೇವೆಯೆಂದು ಅನೇಕರು ಭಾವಿಸಿರುವರು. ಭಾವವು ಶುದ್ಧವಾದರೂ ಫಲವು ವಿಪರೀತ. ಅಪ್ಪನು ತಾನೇ ಎದ್ದು ತಂಬಿಗೆಯನ್ನು ತೆಗೆದುಕೊಳ್ಳುವಾಗ ಅವನ ಬಗಲಲ್ಲಿ ನಿಲ್ಲುವುದು ಅದಕ್ಕಿಂತ ದೊಡ್ಡ ಸೇವೆ. ಮಠದ ಮೆಟ್ಟಿಲನ್ನೇರುವುದು, ದಾಸೋಹದ ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಏಳುವುದು, ಹೂವು ಪತ್ರೆಗಳನ್ನು ಬಿಡಿಸಿ ತರುವುದು ಮುಂತಾದ ಕೆಲಸಗಳು ಮೈಗೆ ಒಗ್ಗುವವರೆಗೆ ಹಿರಿಯರ ಪಾಲಿಗೇ ಇರಲಿ. ಕಾಯಕವು ನಿಂತ ಮೇಲೆ ಕಾಯವೂ ನಿಲ್ಲಲಾರದು. ಮುಪ್ಪನ್ನು ತಡೆಯುವುದು ಯಾರ ವಶದಲ್ಲಿಯೂ ಇಲ್ಲ; ಮುಪ್ಪಿನಲ್ಲಿಯೂ ತನ್ನ ಕಾಲ ಮೇಲೆ ತಾನು ನಿಲ್ಲುವುದು ಬಹುಮಟ್ಟಿಗೆ ಮನುಷ್ಯನ ವಶದಲ್ಲಿದೆ. ನೆರೆದ ಸದ್ಭಕ್ತರು ಇದನ್ನು ಆಲಿಸಿದುದಕ್ಕೇ ತೃಪ್ತರಾಗದೆ, ನಾಳೆಯ ಬೆಳಗಿನಲ್ಲಿಯೇ ಕಂಬದ ಬಳಿಯಲ್ಲಿ ನಿಂತು ಆರಂಭಿಸುವರಾಗಲಿ.