ತೊಟ್ಟಿ ಮಗುಚಿದ ವೈದ್ಯ
(ರೋಗಿಗಳು ಹಾಗೂ ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸ)



ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬರುವ ತಾಯಂದಿರು ಮತ್ತೆ ಮತ್ತೆ ಕೇಳುವ ಮಾತೊಂದಿದೆ. "ನಮ್ಮ ಮನೆ ಹತ್ತಿರ ಮೋರಿಯೇ ಇಲ್ಲ, ದಿನಾ ಗುಡಿಸಿ ಒರೆಸುತ್ತೇವೆ. ಆದರೂ ಡೆಂಗಿ ಹೇಗೆ ಬಂತು?" ಈ ಪ್ರಶ್ನೆಯ ಅರ್ಧ ಉತ್ತರ ಸುಮಾರು 140 ವರ್ಷಗಳ ಹಿಂದೆ ನಮ್ಮ ಇದೇ ದಂಡು ಪ್ರದೇಶದಲ್ಲಿ ಸಿಕ್ಕಿತ್ತು.

1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯರು ಬೆಂಗಳೂರು ದಂಡಿಗೆ ಹಂಗಾಮಿ ಸೇನಾ ವೈದ್ಯರಾಗಿ ಬಂದರು. ಹುಟ್ಟಿದ್ದು ಅಲ್ಮೋರಾದಲ್ಲಿ, ಆಗ ವಯಸ್ಸು 26. ಇರಲು ಬಂಗಲೆ ಸಿಕ್ಕಿತು, ಆದರೆ ಸೊಳ್ಳೆ ಕಾಟ ಹೇಳತೀರದು. ಅದೂ ಅವರ ಕೋಣೆಯಲ್ಲಿಯೇ ಹೆಚ್ಚು. ಏಕೆಂದು ಹುಡುಕಿದಾಗ ಕಿಟಕಿಯ ಹೊರಗೆ ನೀರು ತುಂಬಿದ ತೊಟ್ಟಿಯೊಂದು ಕಂಡಿತು. ಬಗ್ಗಿ ನೋಡಿದರೆ ನೀರಿನ ತುಂಬ ಮಿಸುಕಾಡುವ ಮರಿಹುಳುಗಳು! ತೊಟ್ಟಿಯನ್ನು ಮಗುಚಿ ಹಾಕಿದರು. ಕೋಣೆಯ ಸೊಳ್ಳೆ ಬಹುಮಟ್ಟಿಗೆ ಕಡಿಮೆಯಾಯಿತು.

ಸೇನಾಧಿಕಾರಿಗಳ ಊಟದ ಮನೆಯಲ್ಲೂ ಇದೇ ಕಥೆ. ತೋಟದ ತೊಟ್ಟಿಗಳಲ್ಲಿ, ಹೂದಾನಿಗಳಲ್ಲಿ, ಊಟದ ಮೇಜಿನ ಕೆಳಗೆ ನೀರಿಟ್ಟ ಡಬ್ಬಿಗಳಲ್ಲಿ ಸೊಳ್ಳೆಮರಿ. ಇರುವೆ ಹತ್ತದಂತೆ ಬೀರುವಿನ ಕಾಲಿಗೆ ನೀರಿನ ಬಟ್ಟಲಿಡುವುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಉಪಾಯವೇ. ಇವನ್ನೆಲ್ಲ ಚೆಲ್ಲಿಸೋಣ ಎಂದು ರಾಸ್ ಅಲ್ಲಿನ ಅಧಿಕಾರಿಯನ್ನು ಕೇಳಿದರು. ಆತ ಒಪ್ಪಲಿಲ್ಲ. ಸೃಷ್ಟಿಯಲ್ಲಿ ಸೊಳ್ಳೆಗೂ ಏನೋ ಉದ್ದೇಶವಿರಬೇಕು, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂದುಬಿಟ್ಟನಂತೆ! ರಾಸ್ ಇದನ್ನು ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಸೊಳ್ಳೆ ರೋಗ ತರುತ್ತದೆಂದು ಆಗ ರಾಸ್ ಅವರಿಗೂ ತಿಳಿದಿರಲಿಲ್ಲ. ಕೆಟ್ಟ ಗಾಳಿಯಿಂದ ಮಲೇರಿಯಾ ಎಂಬುದು ಅಂದಿನ ನಂಬಿಕೆ. ಆ ಹೆಸರಿನ ಅರ್ಥವೂ ಅದೇ. 1895ರಲ್ಲಿ ಕಾಲರಾ ತಡೆಯುವ ಕೆಲಸಕ್ಕೆ ಅವರನ್ನು ಮತ್ತೆ ಬೆಂಗಳೂರಿಗೆ ಕಳಿಸಲಾಯಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯ ರಕ್ತ ಹೀರಿದ್ದ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣು ಬೆಳೆಯುತ್ತಿರುವುದನ್ನು ಅವರು ಸೂಕ್ಷ್ಮದರ್ಶಕದಲ್ಲಿ ಕಂಡರು. 1902ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಕಚ್ಚಿಸಿಕೊಂಡ ಹುಸೇನ್ ಖಾನ್‌ಗೆ ಸಿಕ್ಕಿದ್ದು ಸೊಳ್ಳೆಗೊಂದಾಣೆಯ ಲೆಕ್ಕದಲ್ಲಿ ಹಣ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೋರಿಯ ಕೊಳಕು ನೀರಿನಲ್ಲಿ ಹುಟ್ಟುವ ಸೊಳ್ಳೆಯೇ ಬೇರೆ. ಡೆಂಗಿ, ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಗೆ ನಿಂತ ತಿಳಿನೀರು ಬೇಕು. ಕಪ್ಪು ಮೈ, ಕಾಲ ಮೇಲೆ ಬಿಳಿ ಪಟ್ಟೆ, ಕಚ್ಚುವುದು ಹಗಲಿನಲ್ಲಿ. ನಗರದ ಮಲೇರಿಯಾ ಸೊಳ್ಳೆಯೂ ಬಾವಿ, ಸಂಪು, ಮಾಳಿಗೆಯ ಟ್ಯಾಂಕುಗಳಲ್ಲೇ ಬೆಳೆಯುವಂಥದ್ದು. ಕೆ.ಆರ್. ಪುರದ ಕಡೆ ಟ್ಯಾಂಕರ್ ನೀರನ್ನು ಡ್ರಮ್ಮಿನಲ್ಲಿ ತುಂಬಿಡುವ ಮನೆಗಳಿವೆ. ಹಲಸೂರಿನ ಒತ್ತು ಮನೆಗಳಲ್ಲಿ ನೀರು ಬಂದ ದಿನ ಕೊಡ, ಬಕೆಟ್ಟು ಎಲ್ಲ ಭರ್ತಿ. ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಹಳೇ ಟೈರು. ಇಂದಿರಾನಗರದ ಬಾಲ್ಕನಿಯಲ್ಲಿ ಹೂಕುಂಡದ ಕೆಳಗಿನ ತಟ್ಟೆ. ಎಳನೀರು ಬುರುಡೆಯೂ ಸಾಕು, ಫ್ರಿಡ್ಜಿನ ಹಿಂದಿನ ತಟ್ಟೆಯೂ ಸಾಕು.

ಮೊಟ್ಟೆ ರೆಕ್ಕೆಯ ಸೊಳ್ಳೆಯಾಗಲು ಏಳೆಂಟರಿಂದ ಹತ್ತು ದಿನ ಹಿಡಿಯುತ್ತದೆ. ಆದ್ದರಿಂದಲೇ ವಾರಕ್ಕೊಮ್ಮೆ ಎಲ್ಲ ಪಾತ್ರೆ ಖಾಲಿ ಮಾಡಿ ಎನ್ನುವುದು. ಬರೀ ಚೆಲ್ಲಿದರೆ ಸಾಲದು. ಈ ಸೊಳ್ಳೆ ನೀರಿನ ಅಂಚಿಗಿಂತ ಸ್ವಲ್ಪ ಮೇಲೆ ಡ್ರಮ್ಮಿನ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತುಂಬಿದಾಗ ಮರಿಯಾಗುತ್ತವೆ. ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು, ಆಮೇಲೆ ಬಿಗಿಯಾಗಿ ಮುಚ್ಚಬೇಕು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಗೊತ್ತುಪಡಿಸಿತು. ರಾಸ್ ಅವರ ಆ ಅಧಿಕಾರಿ ಇಂದು ಇದ್ದಿದ್ದರೆ ದಂಡ ಕಟ್ಟಬೇಕಾಗುತ್ತಿತ್ತು!

ರೋಗಿಯ ಜೊತೆ ಇರುವವರಿಗೆ ಇನ್ನೆರಡು ಮಾತು. ಡೆಂಗಿಯಲ್ಲಿ ಜ್ವರ ಇಳಿದಾಗಲೇ ಎಚ್ಚರ ಹೆಚ್ಚು ಬೇಕು. ಮೂರರಿಂದ ಏಳನೇ ದಿನದ ಒಳಗೆ ಜ್ವರ ಬಿಟ್ಟಿತೆಂದು ನೆಮ್ಮದಿಯಾಗುವ ಹೊತ್ತಿಗೇ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ತೀರಾ ಸುಸ್ತು, ಕೈಕಾಲು ತಣ್ಣಗಾಗುವುದು ಕಾಣಿಸಬಹುದು. ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಕರೆತನ್ನಿ. ಪರಂಗಿ ಎಲೆಯ ರಸ ಕುಡಿಸಿ ಮನೆಯಲ್ಲೇ ಕಾಯಬೇಡಿ. ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ತಂದು ನುಂಗಿಸಬೇಡಿ, ರಕ್ತಸ್ರಾವ ಹೆಚ್ಚಬಹುದು.

ಇನ್ನು ವಾರ್ಡಿನಲ್ಲಿ ಮಟಮಟ ಮಧ್ಯಾಹ್ನ ಸೊಳ್ಳೆಪರದೆ ಏಕೆ, ಸೆಕೆಯಾಗುತ್ತದೆ ಎಂದು ಅನೇಕರು ಅದನ್ನು ಎತ್ತಿ ಕಟ್ಟುತ್ತಾರೆ. ಆ ಪರದೆ ರೋಗಿಗಿಂತ ಪಕ್ಕದ ಹಾಸಿಗೆಯವರಿಗಾಗಿ. ಜ್ವರವಿರುವ ದಿನಗಳಲ್ಲಿ ರೋಗಿಯನ್ನು ಕಚ್ಚಿದ ಸೊಳ್ಳೆ ಸುಮಾರು ಹತ್ತು ದಿನಗಳ ನಂತರ ಇನ್ನೊಬ್ಬರಿಗೆ ರೋಗ ದಾಟಿಸಬಲ್ಲದು. ಪಕ್ಕದಲ್ಲಿ ರಾತ್ರಿಹಗಲು ಕೂತಿರುವವರು ನೀವೇ ಅಲ್ಲವೇ?