ಕೆಫಿರ್ ಗಂಟು ಹೆಚ್ಚಾದ್ರೆ ಎಸೀಬ್ಯಾಡ್ರಿ

ಕಲಬುರಗಿಯಿಂದ ಮಾತಾಡ್ತಾ ಇದ್ದೀನಿ. ಇವತ್ತಿನ ವಿಷಯ ಕೆಫಿರ್.

ಕೆಫಿರ್ ಗಂಟು ನೋಡಲಿಕ್ಕೆ ಹೂಕೋಸಿನ ಸಣ್ಣ ಚೂರಿನಂಗ ಇರ್ತಾವ. ಮೂಲ ಕಾಕಸಸ್ ಬೆಟ್ಟಗಳ ಸೀಮೆ. ಅದರೊಳಗೆ ಬ್ಯಾಕ್ಟೀರಿಯಾ, ಯೀಸ್ಟ್ ಎರಡೂ ಕೂಡಿ ಬದುಕ್ತಾವ. ಮೊಸರಿಗೂ ಇದಕ್ಕೂ ಒಂದು ದೊಡ್ಡ ಫರಕ್ ಅದ. ಮನ್ಯಾಗ ಹೆಪ್ಪು ಮುಗಿದ್ರೆ ಅಂಗಡಿ ಮೊಸರು ಒಂದು ಚಮಚ ಸಾಕು. ಕೆಫಿರ್ ಹಂಗಲ್ಲ, ಗಂಟಿನಿಂದಲೇ ಗಂಟು ಬೆಳೀಬೇಕು. ಸತ್ತರೆ ಮತ್ತೊಬ್ಬರನ್ನ ಕೇಳೋದೇ ದಾರಿ.

ಇದಕ್ಕೆ 20ರಿಂದ 25 ಡಿಗ್ರಿ ಹಿತ. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು 40 ದಾಟ್ತದ. ಗಂಟು ಹೆಚ್ಚು, ಹಾಲು ಕಡಿಮೆ ಆದ್ರೆ ಹಾಲು ಬೇಗ ಹುಳಿಯಾಗಿ ಒಡೀತದ. ಒಂದು ಲೋಟ ಹಾಲಿಗೆ ಒಂದು ಸಣ್ಣ ಚಮಚ ಗಂಟು ಸಾಕು. ಉಳಿದದ್ದನ್ನ ತೆಗೆದಿಡ್ರಿ.

ಹೆಂಗ? ಒಂದೆರಡು ವಾರಕ್ಕಾದ್ರೆ ತಾಜಾ ಹಾಲಿನಾಗ ಮುಳುಗಿಸಿ ಫ್ರಿಜ್‌ನಾಗ ಇಡ್ರಿ, ವಾರಕ್ಕೊಮ್ಮೆ ಹಾಲು ಬದಲಿಸ್ರಿ. ಒಂದೆರಡು ತಿಂಗಳಿಗಾದ್ರೆ, ಕಾಸಿ ಆರಿಸಿದ ನೀರಿನಾಗ ತೊಳೆದು, ಸ್ವಚ್ಛ ಬಟ್ಟೆ ಮೇಲೆ ಒರೆಸಿ, ಹಾಲಿನ ಪುಡಿ ಹೊರಳಿಸಿ ಫ್ರೀಜರ್‌ಗೆ ಹಾಕ್ರಿ. ಹೊರಗೆ ತೆಗೆದ ಮೇಲೆ ಮೊದಲ ಎರಡು-ಮೂರು ಸಲ ಸರಿಯಾಗಿ ಹುದುಗೋದಿಲ್ಲ, ತಾಳ್ಮೆ ಇರಲಿ. ಗುಲಾಬಿ ಬಣ್ಣ, ಬೂಸ್ಟು, ಕೆಟ್ಟ ವಾಸನೆ ಬಂದ್ರೆ ಮಾತ್ರ ಎಸೆದುಬಿಡ್ರಿ.

ಹೆಚ್ಚಾದ ಗಂಟನ್ನ ತಿನ್ನಲಿಕ್ಕೂ ಬರ್ತದ. ಕಮಲಾಪುರದ ಕೆಂಪು ಬಾಳೆಹಣ್ಣು ಗೊತ್ತಲ್ಲ, ಜಿಐ ಟ್ಯಾಗ್ ಇರೋದು? ಅರ್ಧ ಹಣ್ಣು, ಒಂದು ಚಮಚ ಗಂಟು, ಒಂದು ಲೋಟ ಕೆಫಿರ್ ಮಿಕ್ಸಿಗೆ ಹಾಕ್ರಿ. ಹಣ್ಣಿನ ಸಿಹಿಯೇ ಸಾಕು, ಸಕ್ಕರೆ ಬ್ಯಾಡ. ಜೋಳದ ಅಂಬಲಿ ಆರಿದ ಮೇಲೆ ಮಜ್ಜಿಗೆ ಬದಲು ಕೆಫಿರ್ ಬೆರೆಸಿದ್ರೂ ರುಚಿ. ಹಾಲು ಒಗ್ಗದವರು ಸ್ವಲ್ಪದಿಂದ ಶುರು ಮಾಡ್ರಿ. ಲ್ಯಾಕ್ಟೋಸ್ ಕಡಿಮೆ ಆಗಿರ್ತದ, ಪೂರ್ತಿ ಹೋಗಿರೋದಿಲ್ಲ.

ಆದ್ರೆ ನನ್ನ ಪ್ರಕಾರ ಎಲ್ಲಕ್ಕಿಂತ ಭದ್ರ ಜಾಗ ಫ್ರೀಜರ್ ಅಲ್ಲ, ಇನ್ನೊಬ್ಬರ ಮನೆ. ನನ್ನ ಗಂಟಿನ ಒಂದು ಪಾಲು ಕಮಲಾಪುರದಾಗ ಅವ್ವನ ಹತ್ರ ಅದ. ಹೋದ ಬ್ಯಾಸಗ್ಯಾಗ ನಾನು ಊರಾಗಿಲ್ಲದಾಗ ನನ್ನ ರೂಮಿನ ಫ್ರಿಜ್ ಕೆಟ್ಟು, ಇಲ್ಲಿದ್ದದ್ದೆಲ್ಲ ಹಾಳಾಯ್ತು. ಅವ್ವ ಸಣ್ಣ ಸ್ಟೀಲ್ ಡಬ್ಬಿಯಾಗ ಹಾಲು ಹಾಕಿ ವಾಪಸ್ ಕೊಟ್ಟಳು. ಬಸ್ಸಿನಾಗ ಒಯ್ಯೋರು ಡಬ್ಬಿ ಅರ್ಧ ಮಾತ್ರ ತುಂಬಿಸ್ರಿ, ಗಾಳಿ ಕಟ್ತದ.

ಹೆಪ್ಪು ಕೇಳಿ ಪಡೆಯೋದು ನಮ್ಮ ಓಣಿಗಳಿಗೆ ಹೊಸದಲ್ಲ. ಒಂದು ಚಮಚ ಪಕ್ಕದ ಮನೆಗೆ, ಒಂದು ಚಮಚ ಗೆಳೆಯರಿಗೆ ಕೊಟ್ಟುಬಿಡ್ರಿ. ನಾಳೆ ನಿಮಗೇ ಬೇಕಾಗ್ತದ.

ಮುಂದಿನ ವಾರ ಸಿಗೋಣ್ರಿ.